ಫೋಟೋಸಿಂಥೆಸಿಸ್‌ನಲ್ಲಿ ಒತ್ತು ಎಲ್ಲಿ ಬೀಳುತ್ತದೆ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕನ್ನಡ ಮಾತಾಡಿದರೆ ಮಕ್ಕಳ ಇಂಗ್ಲಿಷ್ ಉಚ್ಚಾರಣೆ ಕೆಡುತ್ತದಾ ಅಂತ ನಿನ್ನೆ ಒಬ್ಬರು ಕೇಳಿದ್ದರು. ಕೆಡುವುದಿಲ್ಲ. ಆದರೆ ಎರಡು ಭಾಷೆಯ ತೂಕ ಬೇರೆ ಬೇರೆ ಅಂತ ನಾವೇ ತೋರಿಸಿಕೊಡಬೇಕು.

ಹೋದ ತಿಂಗಳು ನನ್ನ ಮಗಳು ತರಗತಿಯಲ್ಲಿ ಫೋಟೋಸಿಂಥೆಸಿಸ್ ಬಗ್ಗೆ, ಅಂದರೆ ಗಿಡಗಳು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದರ ಬಗ್ಗೆ, ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ಅಭ್ಯಾಸ ಮಾಡಿಸಿದ್ದು ನಾನೇ. ಸಂಜೆ ಬಂದವಳು ಬ್ಯಾಗ್ ಕೂಡ ಇಳಿಸದೆ, "ಅಮ್ಮಾ, ನೀನು ಹೇಳಿಕೊಟ್ಟ ಹಾಗೇ ಹೇಳಿದೆ, ಯಾರಿಗೂ ಅರ್ಥ ಆಗಲಿಲ್ಲ" ಅಂದಳು. ನನಗೆ ತುಂಬಾ ಸಂಕಟ ಆಯಿತು.

ಊಟ ಆದಮೇಲೆ ಇಬ್ಬರೂ ಡಿಕ್ಷನರಿ ತೆರೆದು ಕೂತೆವು. ಉಚ್ಚಾರಣೆಯ ನಡುವೆ ಮೇಲ್ಗಡೆ ಒಂದು ಪುಟ್ಟ ಗೀಟು ಇರುತ್ತದಲ್ಲ, ಅದರ ಮುಂದಿನ ತುಂಡಿಗೆ ಒತ್ತು. (ನಮ್ಮ ಒತ್ತಕ್ಷರ ಅಲ್ಲ, ದನಿಯ ಒತ್ತು.) ಫೋ-ಟೋ-ಸಿನ್-ಥೆ-ಸಿಸ್, ಒಟ್ಟು 5 ತುಂಡು. ಜೋರು ಬೀಳುವುದು 'ಸಿನ್' ಮೇಲೆ. 'ಫೋ' ಮೇಲೆ ಸ್ವಲ್ಪ. 'ಥೆ'ಯಲ್ಲಿರುವ ಎಕಾರ ಬಾಯಲ್ಲೇ ಕರಗಿಹೋಗುತ್ತದೆ. ನಾನು ಐದಕ್ಕೂ ಒಂದೇ ತೂಕ ಕೊಟ್ಟಿದ್ದೆ. ಲಘುವಿಗೆ 1 ಮಾತ್ರೆ, ಗುರುವಿಗೆ 2, ಯಾವ ಅಕ್ಷರವನ್ನೂ ನುಂಗಬಾರದು ಅಂತ ಕಲಿತವರು ನಾವು, ಅಲ್ವಾ?

ಇನ್ನೊಂದು ಚೆಂದ ನೋಡಿ. ಫೋಟೋಸಿಂಥೆಟಿಕ್ ಅಂದ ಕೂಡಲೇ ಒತ್ತು 'ಥೆ' ಮೇಲೆ ಜಿಗಿಯುತ್ತದೆ, ಕರಗಿದ್ದ ಎಕಾರ ವಾಪಸ್ ಬರುತ್ತದೆ! ಕೊನೆಯಲ್ಲಿ 'ಇಕ್' ಇದ್ದರೆ ಸಾಮಾನ್ಯವಾಗಿ ಅದರ ಹಿಂದಿನ ತುಂಡಿಗೇ ಒತ್ತು: ಸೈಂಟಿಫಿಕ್, ಜೆನೆಟಿಕ್. ಅರಿತ್ಮೆಟಿಕ್‌ನಂಥ ಕೆಲವು ಈ ಲೆಕ್ಕಕ್ಕೆ ಸಿಗುವುದಿಲ್ಲ. ಹೈಪಾಥಿಸಿಸ್, ಅನಾಲಿಸಿಸ್‌ಗಳಲ್ಲಿ ಕೊನೆಯಿಂದ ಮೂರನೆಯದಕ್ಕೆ.

ಥಕಾರವೂ ಬೇರೆ. ನಮ್ಮ 'ಥ'ದಲ್ಲಿ ನಾಲಿಗೆ ಹಲ್ಲಿನ ಹಿಂದೆ ತಾಗಿ, ಉಸಿರು ತಡೆದು ಸಿಡಿಯುತ್ತದೆ. ಇಂಗ್ಲಿಷಿನದರಲ್ಲಿ ನಾಲಿಗೆಯ ತುದಿ ಹಲ್ಲುಗಳ ನಡುವೆ ಇರಬೇಕು, ಉಸಿರು ಸುಮ್ನೆ ಜಾರಬೇಕು. ಕನ್ನಡಿ ಮುಂದೆ ನಿಲ್ಲಿಸಿ ಹೇಳಿಸಿ, ಬೇಗ ಬರುತ್ತದೆ.

ಆಮೇಲೆ ಫೋಟೋಸಿಂಥೆಸಿಸ್‌ಗೆ ನಾನು ಶಾಲೆಯಲ್ಲಿ ಕಲಿತಿದ್ದ ಕನ್ನಡ ಪದವನ್ನು ಅವಳಿಗೆ ಹೇಳಿದೆ: ದ್ಯುತಿಸಂಶ್ಲೇಷಣೆ. ಅವಳು 'ಶ್ಲೇ' ಮೇಲೆ ಪೂರ್ತಿ ಭಾರ ಹಾಕಿ "ದ್ಯುತ್ಸಂಶ್ಲೇಷ್ಣ" ಅಂದಳು. ನನ್ನ ತಪ್ಪೇ ತಿರುಗುಮುರುಗಾಗಿ ಬಂದಿತ್ತು. ಬೆರಳು ಮಡಚಿಸುತ್ತಾ 6 ಅಕ್ಷರವನ್ನೂ ಒಂದೊಂದಾಗಿ ಹೇಳಿಸಿದೆ. ಮೂರನೇ ಸಲಕ್ಕೆ 'ಣೆ' ಕೂಡ ಪೂರ್ತಿ ಬಂತು.