ಝೆಲ್ ಆಮ್ ಸೇಗೆ ಮೊದಲ ಸಲ: ಸ್ಕೀ ಕಲಿಯೋದಾ, ಸ್ನೋಬೋರ್ಡಾ? ಜೊತೆಗೆ ಅಮ್ಮ, ಮಗಳು ಇದ್ದಾರೆ

ಜಯನಗರ_ಸುಮಾ

ಎಲ್ಲರಿಗೂ ನಮಸ್ಕಾರ. ತಂಗಿ ಮ್ಯೂನಿಕ್‌ನಲ್ಲಿದ್ದಾಳೆ, ಬರುವ ಫೆಬ್ರವರಿಯಲ್ಲಿ ಅವಳ ಮನೆಗೆ ಹೋಗುತ್ತಿದ್ದೇವೆ. ನಾನು, ಯಜಮಾನರು, 8 ವರ್ಷದ ಮಗಳು, ಮತ್ತೆ ನನ್ನ ಅಮ್ಮ, ಅವರಿಗೆ 64. ಅದರಲ್ಲಿ ಒಂದು ವಾರ ಆಸ್ಟ್ರಿಯಾದ ಝೆಲ್ ಆಮ್ ಸೇಯಲ್ಲಿ ಇರೋಣ ಅಂತ ಆಸೆ. ಸರೋವರದ ದಂಡೆಯಲ್ಲೇ ಊರು, ಹಿಂದೆಯೇ ಹಿಮದ ಬೆಟ್ಟ. ಫೋಟೋ ನೋಡಿದಾಗಿನಿಂದ ಮನಸ್ಸು ಅಲ್ಲೇ ಇದೆ.

ನಮ್ಮಲ್ಲಿ ಯಾರೂ ಇದುವರೆಗೆ ಹಿಮದ ಮೇಲೆ ನಿಂತವರಲ್ಲ. ನನಗೆ ಸ್ಕೀ ಕಲಿಯಬೇಕು, ಇವರಿಗೆ ಸ್ನೋಬೋರ್ಡೇ ಬೇಕಂತೆ. ಯೂಟ್ಯೂಬ್ ನೋಡಿಕೊಂಡು ನಾವೇ ಕಲಿಯಬಹುದು, ಕ್ಲಾಸಿಗೆ ಯಾಕೆ ಅಷ್ಟು ದುಡ್ಡು ಅಂತ ಹೇಳುತ್ತಿದ್ದಾರೆ. ಅಮ್ಮನಿಗೆ ಬಿಪಿ ಇದೆ, ಮಂಡಿ ನೋವೂ ಇದೆ, ಅವರು ಸುಮ್ನೆ ನೋಡಿಕೊಂಡು ಇರುತ್ತಾರೆ. ಸರೋವರ ಕಾಣುವ ಹೋಟೆಲ್ ಒಂದು ಹಿಡಿದಿದ್ದೇನೆ, ಇನ್ನೂ ದುಡ್ಡು ಕಟ್ಟಿಲ್ಲ. ನಾವೆಲ್ಲ ಸಸ್ಯಾಹಾರಿಗಳು. ಒಂದು ವಾರದಲ್ಲಿ ನಿಜವಾಗಿ ಏನಾದರೂ ಕಲಿಯೋಕೆ ಆಗುತ್ತದಾ, ಇಲ್ಲಾ ದುಡ್ಡು ದಂಡವಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಇಸಾರ್_ದಂಡೆ

ಸುಮಾ ಅವರೇ, ಖಂಡಿತ ಹೋಗಿ. ನಾನು ಮ್ಯೂನಿಕ್‌ಗೆ ಬಂದು ಹನ್ನೊಂದು ವರ್ಷ ಆಯಿತು, ಅಲ್ಲಿಗೆ ನಾಲ್ಕು ಸಲ ಹೋಗಿದ್ದೇನೆ, ಎರಡು ಸಲ ಅಪ್ಪ ಅಮ್ಮನನ್ನೂ ಕರೆದುಕೊಂಡು. ಆದರೆ ದುಡ್ಡು ಕಟ್ಟುವ ಮೊದಲು ಹೋಟೆಲ್ ಎಲ್ಲಿದೆ ಅಂತ ಸರಿಯಾಗಿ ನೋಡಿ. ಮೊದಲ ಸಲ ನಾನೂ ಸರೋವರ ಕಾಣುವ ಕೋಣೆಯನ್ನೇ ಹಿಡಿದಿದ್ದೆ. ದಿನಾ ಬೆಳಿಗ್ಗೆ ಸ್ಕೀ ಹೆಗಲ ಮೇಲೆ, ಮಗನ ಸ್ಕೀಯೂ ನನ್ನ ಕೈಯಲ್ಲೇ, ಕಾಲಲ್ಲಿ ಕಬ್ಬಿಣದಂಥ ಬೂಟು, ಹಾಗೇ ಬಸ್ಸಿಗೆ ಓಡುವುದು. ಪಾಠ ಶುರುವಾಗುವ ಹೊತ್ತಿಗೆ ಮಗು ಸುಸ್ತಾಗಿ ಅಳುತ್ತಿತ್ತು. ಸರೋವರಕ್ಕೆ ಸಂಜೆ ನಡೆದುಕೊಂಡೇ ಹೋಗಬಹುದು. ಬೆಳಿಗ್ಗೆ ಕಲಿಯುವ ಜಾಗ ಹತ್ತಿರ ಇರಬೇಕು. ಊರಿಗೆ ಅಂಟಿಕೊಂಡೇ ಶೂಟ್‌ಡಾರ್ಫ್ ಅಂತ ಒಂದು ಭಾಗ ಇದೆ, ಅಲ್ಲಿಂದಲೇ ಬೆಟ್ಟಕ್ಕೆ ಗೊಂಡೋಲಾ, ಅಂದರೆ ತಂತಿಯ ಮೇಲೆ ತೂಗಿಕೊಂಡು ಹೋಗುವ ಡಬ್ಬಿ, ಹೋಗುತ್ತದೆ, ಅಲ್ಲಿ ನೋಡಿ. ಇಲ್ಲವೇ ಪಕ್ಕದ ಕಾಪ್ರೂನ್. ಅಲ್ಲಿನ ಮೈಸ್ಕೋಗಲ್ ಅನ್ನುವ ಚಿಕ್ಕ ಬೆಟ್ಟ ಮಕ್ಕಳು ಮರಿ ಇರುವವರಿಗೆ ಹೇಳಿ ಮಾಡಿಸಿದ ಹಾಗಿದೆ.

ಅಲ್ಲಿ ಬೆಟ್ಟ ಒಂದಲ್ಲ. ಊರಿನ ಬೆನ್ನಿಗೇ ಇರುವುದು ಶ್ಮಿಟನ್‌ಹೋಯೆ, 1965 ಮೀಟರ್. ಕಾಪ್ರೂನ್ ಕಡೆ ಇರುವುದು ಕಿಟ್ಸ್‌ಸ್ಟೈನ್‌ಹಾರ್ನ್, ಅದು ಹಿಮನದಿ ಇರುವ ದೊಡ್ಡ ಬೆಟ್ಟ, 3203 ಮೀಟರ್, ಕೇಬಲ್ ಕಾರ್ 3029ರ ತನಕ ಹೋಗುತ್ತದೆ. ಆಸ್ಟ್ರಿಯಾದಲ್ಲಿ ಹಿಮನದಿಯ ಮೇಲೆ ಸ್ಕೀ ಶುರುವಾಗಿದ್ದೇ ಅಲ್ಲಿ, 1965ರಲ್ಲಿ. ಝೆಲ್ ಊರು ಇರುವುದು ಬರೀ 757 ಮೀಟರ್ ಎತ್ತರದಲ್ಲಿ. ಹಾಗಾಗಿ ಕೆಳಗೆ ಹಿಮ ಕರಗಿದ್ದರೂ ಮೇಲೆ ಚೆನ್ನಾಗಿರುತ್ತದೆ. ಆದರೆ ಗಾಳಿ ಜೋರಾದರೆ ಮೇಲಿನ ಲಿಫ್ಟ್ ನಿಲ್ಲಿಸಿಬಿಡುತ್ತಾರೆ. ಬೆಳಿಗ್ಗೆ ಎದ್ದ ತಕ್ಷಣ ನೆಟ್‌ನಲ್ಲಿ ಅಲ್ಲಿನ ಕ್ಯಾಮೆರಾ ನೋಡಿಕೊಂಡೇ ಹೊರಡಿ.

ಪೂರ್ತಿ ವಾರದ ಲಿಫ್ಟ್ ಪಾಸ್ ಮೊದಲೇ ತೆಗೆದುಕೊಳ್ಳಬೇಡಿ! ದೊಡ್ಡವರಿಗೆ ದಿನಕ್ಕೆ 70 ಯೂರೋಗೂ ಮೇಲಾಗುತ್ತದೆ. ಮೊದಲ ಎರಡು ದಿನ ನೀವು ಇರುವುದೇ ಕೆಳಗಿನ ಚಪ್ಪಟೆ ಜಾಗದಲ್ಲಿ, ನಿಂತರೆ ತಾನೇ ಮೇಲಕ್ಕೆ ಕರೆದೊಯ್ಯುವ ಮ್ಯಾಜಿಕ್ ಕಾರ್ಪೆಟ್ ಪಕ್ಕದಲ್ಲಿ. ಅದಕ್ಕೆ ದೊಡ್ಡ ಪಾಸ್ ಬೇಕಾ ಅಂತ ಸ್ಕೀ ಶಾಲೆಯಲ್ಲೇ ಕೇಳಿ. ಆ ದುಡ್ಡನ್ನು ಪಾಠಕ್ಕೆ ಹಾಕಿ.

ಯೂಟ್ಯೂಬ್ ಮಾತು ಮಾತ್ರ ಬೇಡ, ಯಜಮಾನರಿಗೆ ನನ್ನ ಪರವಾಗಿ ಹೇಳಿ. ನಿಲ್ಲಿಸುವುದು ಹೇಗೆ ಅಂತ ಗೊತ್ತಿಲ್ಲದೆ ಇಳಿಜಾರಿಗೆ ಹೋದರೆ ಅಪಾಯ ನಮಗೆ ಮಾತ್ರ ಅಲ್ಲ, ಕೆಳಗಿರುವ ಮಕ್ಕಳಿಗೂ. ಹೊಸಬರ ಗುಂಪಿನ ಪಾಠಗಳು ಸಾಮಾನ್ಯವಾಗಿ ಭಾನುವಾರ ಅಥವಾ ಸೋಮವಾರ ಶುರು. ಶನಿವಾರವೇ ಊರು ಸೇರಿ ಬೂಟು, ಸ್ಕೀ ಬಾಡಿಗೆಗೆ ತೆಗೆದುಕೊಂಡು ಇಟ್ಟುಕೊಳ್ಳಿ. ಮಂಗಳವಾರ ಹೋಗಿ ಕೇಳಿದರೆ ಗುಂಪು ಆಗಲೇ ಮುಂದೆ ಹೋಗಿರುತ್ತದೆ.

ತೀರ್ಥಹಳ್ಳಿ_ಬೋರ್ಡರ್

ನಾನು ಸ್ನೋಬೋರ್ಡ್ ಕಡೆಯವನು, ಆದರೂ ಇದ್ದದ್ದು ಇದ್ದ ಹಾಗೇ ಹೇಳುತ್ತೇನೆ. ಸ್ಕೀ ಮೊದಲ ದಿನ ಸುಲಭ, ಮಧ್ಯಾಹ್ನದೊಳಗೆ ಮುಂದೆ ಜಾರಿ ನಿಲ್ಲುವಷ್ಟು ಬರುತ್ತದೆ, ಆದರೆ ಚೆನ್ನಾಗಿ ಬರೋಕೆ ವರ್ಷಗಳೇ ಬೇಕು. ಬೋರ್ಡ್ ಉಲ್ಟಾ. ಮೊದಲ ಎರಡು ದಿನ ಬೀಳುವುದೇ ಕೆಲಸ. ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತದೆ, ಹಿಂದಕ್ಕೆ ಬಿದ್ದರೆ ಬೆನ್ನ ಕೆಳಗಿನ ಮೂಳೆ, ಮುಂದಕ್ಕೆ ಬಿದ್ದರೆ ಮಂಡಿ, ಎರಡಕ್ಕೂ ಕೈ ಊರಿದರೆ ಮಣಿಕಟ್ಟು. ಮೂರನೇ ದಿನ ಹಿಮ್ಮಡಿ ಕಡೆಯ ಅಂಚಿನಿಂದ ಬೆರಳಿನ ಕಡೆಯ ಅಂಚಿಗೆ ತಿರುಗುವುದು ಒಮ್ಮೆ ಸಿಕ್ಕಿತು ಅಂದರೆ ಆಮೇಲೆ ಬೇಗ ಬೇಗ ಬರುತ್ತದೆ. ಆ ಮೂರನೇ ದಿನದ ಖುಷಿ ನನಗೆ ಇವತ್ತಿಗೂ ನೆನಪಿದೆ.

ಹಾಗಾಗಿ ನಿಮ್ಮ ಯಜಮಾನರು ಬೋರ್ಡೇ ಕಲಿಯುವುದಾದರೆ ಕಡಿಮೆ ಅಂದರೂ ಸತತ ಮೂರು ದಿನ ಪಾಠ ತೆಗೆದುಕೊಳ್ಳಲಿ. ಎರಡು ದಿನ ಆಗಿ ಬಿಟ್ಟರೆ ನೋವು ಮಾತ್ರ ಉಳಿಯುತ್ತದೆ. ಹೆಲ್ಮೆಟ್ ಬೇಕೇ ಬೇಕು, ಮಣಿಕಟ್ಟಿಗೆ ಗಾರ್ಡ್, ಒಳಗೆ ಹಾಕುವ ಪ್ಯಾಡ್ ಇರುವ ಚಡ್ಡಿ ಕೂಡ ತೆಗೆದುಕೊಳ್ಳಲಿ. ಚಪ್ಪಟೆ ದಾರಿಯಲ್ಲಿ ಸ್ಕೀಯವರು ಕೋಲು ಊರಿಕೊಂಡು ಹೋಗಿಬಿಡುತ್ತಾರೆ, ಬೋರ್ಡಿನವರು ಒಂದು ಕಾಲು ಬಿಚ್ಚಿ ತಳ್ಳಿಕೊಂಡು ಹೋಗಬೇಕು, ಅದಕ್ಕೆ ಗಂಡ ಹೆಂಡತಿ ಮೊದಲ ವಾರವೇ ಜೊತೆಯಲ್ಲಿ ಇಳಿಯುತ್ತೇವೆ ಅಂತ ಅಂದುಕೊಳ್ಳಬೇಡಿ. ಊಟಕ್ಕೆ ಒಂದು ಜಾಗ, ಒಂದು ಹೊತ್ತು ಗೊತ್ತು ಮಾಡಿಕೊಂಡು ಅವರವರ ಪಾಠಕ್ಕೆ ಹೋಗಿ.

ಒಂದು ಮಾತು ಯಜಮಾನರಿಗೆ ಮೊದಲೇ ಹೇಳಿಬಿಡಿ. ದಾರಿಯ ನಡುವೆ, ಅದರಲ್ಲೂ ಏರು ದಾಟಿದ ತಕ್ಷಣದ ತಗ್ಗಿನಲ್ಲಿ ಕೂರಬಾರದು, ಮೇಲಿನಿಂದ ಬರುವವರಿಗೆ ಕಾಣಿಸುವುದೇ ಇಲ್ಲ. ಸುಸ್ತಾದರೆ ಅಂಚಿಗೆ ಹೋಗಿ ಕೂರಬೇಕು. ಕೆಳಗಿರುವವರಿಗೆ ದಾರಿ ಮೊದಲು, ಮೇಲಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು, ಇದು ಅಲ್ಲಿನ ನಿಯಮ.

ಜಯನಗರ_ಸುಮಾ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೋಟೆಲ್ ಬಿಟ್ಟೆ, ಶೂಟ್‌ಡಾರ್ಫ್ ಕಡೆ ಅಪಾರ್ಟ್‌ಮೆಂಟ್ ನೋಡುತ್ತಿದ್ದೇನೆ. ಇವರೂ ಮೂರು ದಿನ ಪಾಠಕ್ಕೆ ಒಪ್ಪಿದರು. ಇನ್ನೊಂದು ವಿಷಯ. ಕಾಪ್ರೂನ್ ಅಂತ ನೆಟ್‌ನಲ್ಲಿ ಹುಡುಕಿದರೆ ದೊಡ್ಡ ಬೆಂಕಿ ಅನಾಹುತದ ಸುದ್ದಿ ಬಂತು. ಅಮ್ಮ ಅದನ್ನು ಓದಿ ಹೆದರಿಬಿಟ್ಟಿದ್ದಾರೆ, ಆ ಬೆಟ್ಟಕ್ಕೆ ಹೋಗೋದೇ ಬೇಡ ಅನ್ನುತ್ತಿದ್ದಾರೆ. ಏನು ಹೇಳಲಿ? ಅವರನ್ನು ಮೇಲೆ ಕರೆದುಕೊಂಡು ಹೋಗಬಹುದಾ?

ಸಾಲ್ಜ್‌ಬರ್ಗ್_ರಾಗಿಮುದ್ದೆ

ಅಕ್ಕಾ, ಅದು ನಿಜವಾಗಿ ನಡೆದದ್ದೇ, ಅಮ್ಮನ ಹತ್ತಿರ ಮುಚ್ಚಿಡಬೇಡಿ. 2000ದ ನವೆಂಬರ್ 11. ಕಿಟ್ಸ್‌ಸ್ಟೈನ್‌ಹಾರ್ನ್‌ಗೆ ಆಗ ಸುರಂಗದೊಳಗೆ ಹತ್ತುವ ರೈಲು ಇತ್ತು. ಚಾಲಕರ ಕೋಣೆಯಲ್ಲಿದ್ದ ಒಂದು ಹೀಟರ್‌ನಿಂದ ಬೆಂಕಿ ಹತ್ತಿ, ಸುರಂಗವೇ ಹೊಗೆಗೂಡಿನ ಹಾಗಾಗಿ 155 ಜನ ತೀರಿಹೋದರು. ಆ ರೈಲು ಮತ್ತೆ ಓಡಲೇ ಇಲ್ಲ. ಈಗ ಎಲ್ಲರೂ ಹೋಗುವುದು ಬಯಲಲ್ಲಿ ತೂಗುವ ಗೊಂಡೋಲಾಗಳಲ್ಲಿ, 2019ರಿಂದ ಕಾಪ್ರೂನ್ ಊರಿನ ಮಧ್ಯದಿಂದಲೇ ಮೈಸ್ಕೋಗಲ್ ಮೇಲೆ ಹಾದು ಆ ಬೆಟ್ಟದ ತನಕ ಹೋಗಬಹುದು. ಸತ್ತವರ ನೆನಪಿಗೆ ಕೆಳಗಿನ ನಿಲ್ದಾಣದ ಹತ್ತಿರ ಒಂದು ಸ್ಮಾರಕ ಇದೆ. ನಾನು ಹೋದಾಗಲೆಲ್ಲ ಎರಡು ನಿಮಿಷ ಅಲ್ಲಿ ನಿಂತು ಬರುತ್ತೇನೆ. ಅವತ್ತು ಹತ್ತಿದವರಲ್ಲಿ ಮಕ್ಕಳೂ ಇದ್ದರು, ನಮ್ಮ ಹಾಗೆಯೇ ಹಿಮ ನೋಡೋಕೆ ಹೊರಟವರು.

ಆದರೆ ಅಮ್ಮನನ್ನು 3029 ಮೀಟರ್‌ಗೆ ಕರೆದೊಯ್ಯುವ ಬಗ್ಗೆ ನನಗೆ ಭಯ ಇರುವುದು ಎತ್ತರದ್ದು. ಸುಮಾರು 760 ಮೀಟರ್‌ನಿಂದ ಅಷ್ಟು ಮೇಲಕ್ಕೆ ಸ್ವಲ್ಪ ಹೊತ್ತಿನಲ್ಲೇ ಏರಿಬಿಡುತ್ತೀರಿ. ನಮ್ಮ ಅತ್ತೆಗೆ ಅಲ್ಲಿ ತಲೆ ಸುತ್ತು ಬಂದು ಮುಂದಿನ ಗೊಂಡೋಲಾದಲ್ಲೇ ಕೆಳಗೆ ಕರೆದುಕೊಂಡು ಬಂದೆವು. ಬಿಪಿ ಇರುವವರು ಡಾಕ್ಟರ್ ಹತ್ತಿರ ಕೇಳಿಕೊಂಡೇ ಹೋಗಲಿ. ನನ್ನ ಕೇಳಿದರೆ ಶ್ಮಿಟನ್‌ಹೋಯೆ ಸಾಕು. ಸ್ಕೀ ಆಡದವರಿಗೂ ಹೋಗಿ ಬರುವ ಟಿಕೆಟ್ ಕೊಡುತ್ತಾರೆ. ಮೇಲಿನಿಂದ ಸರೋವರ ಪೂರ್ತಿ ಕಾಣುತ್ತದೆ, ತುದಿಯಲ್ಲಿ ಒಂದು ಪುಟ್ಟ ಚರ್ಚು ಇದೆ, ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಅಮ್ಮ ಏಳುವುದೇ ಇಲ್ಲ ನೋಡಿ. ಮಾಮೂಲಿ ಚಪ್ಪಲಿ, ಕ್ಯಾನ್ವಾಸ್ ಶೂ ಬೇಡ, ತಳ ಒರಟಾಗಿರುವ ಎತ್ತರದ ಶೂ ಕೊಡಿಸಿ. ಊರಿನ ಫುಟ್‌ಪಾತ್ ಮೇಲಿನ ಮಂಜುಗಡ್ಡೆಗೆ ಜಾರಿ ಬೀಳುವವರೇ ಜಾಸ್ತಿ. ಸರೋವರ ಹೆಪ್ಪುಗಟ್ಟಿದ ಹಾಗೆ ಕಂಡರೂ ಅದರ ಮೇಲೆ ಕಾಲಿಡಬೇಡಿ. ಪ್ರತಿ ವರ್ಷ ಪೂರ್ತಿ ಗಟ್ಟಿಯಾಗುವುದಿಲ್ಲ, ಊರಿನವರು ಸೂಚನಾ ಫಲಕ ಹಾಕಿ ಬಿಟ್ಟರೆ ಮಾತ್ರ ಹೋಗಬೇಕು.

ಊಟದ ವಿಷಯಕ್ಕೆ ಬರುತ್ತೇನೆ. ಅದು ಪಿನ್ಸ್‌ಗೌ ಸೀಮೆ, ಅಲ್ಲಿನ ಕಾಸ್‌ನೊಕನ್ ತಿನ್ನಲೇಬೇಕು. ಹಿಟ್ಟಿನ ಸಣ್ಣ ಉಂಡೆಗಳನ್ನು ಬೆಟ್ಟದ ಚೀಸ್ ಜೊತೆ ಬಾಣಲೆಯಲ್ಲೇ ಬಿಸಿ ಬಿಸಿ ಕೊಡುತ್ತಾರೆ, ಮೇಲೆ ಹುರಿದ ಈರುಳ್ಳಿ. ಮೊಟ್ಟೆ ಇರುತ್ತದೆ, ನೀವು ತಿನ್ನದಿದ್ದರೆ ಕೇಳಿಕೊಳ್ಳಿ. ಕೈಸರ್‌ಶ್ಮಾರ್ನ್ ಅನ್ನುವ ಚೂರು ಮಾಡಿದ ಸಿಹಿ ಪ್ಯಾನ್‌ಕೇಕ್‌ನಲ್ಲೂ ಮೊಟ್ಟೆ ಇದೆ. ಎಲ್ಲರೂ ಮೋಸ ಹೋಗುವುದು ಸೂಪಿನಲ್ಲಿ. ಚೀಸ್ ಉಂಡೆ ಹಾಕಿದ ಸೂಪ್ ಅಂತ ಮೆನುವಿನಲ್ಲಿ ಇರುತ್ತದೆ, ನೋಡೋಕೆ ಸಸ್ಯಾಹಾರ, ಆದರೆ ತಿಳಿ ಸಾಮಾನ್ಯವಾಗಿ ದನದ ಮೂಳೆಯದು. ತಪ್ಪದೆ ಕೇಳಿ. ಅಪಾರ್ಟ್‌ಮೆಂಟ್ ತೆಗೆದುಕೊಳ್ಳುವುದೇ ಒಳ್ಳೆಯದು, ಅಡುಗೆಮನೆ ಇರುತ್ತದೆ. ಅಮ್ಮನಿಗೆ ರಾತ್ರಿ ಅನ್ನ ಸಾರು ಸಿಕ್ಕಿದರೆ ಅರ್ಧ ಚಳಿ ಹೋದ ಹಾಗೆ.

ಹಾಸನ_ಹೈಕರ್

ವಿಮೆ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಷೆಂಗನ್ ವೀಸಾಕ್ಕೆ 30,000 ಯೂರೋದ ವಿಮೆ ಮಾಡಿಸುತ್ತೀರಲ್ಲ, ಅದು ಸಾಕು ಅಂತ ನಾನೂ ಅಂದುಕೊಂಡಿದ್ದೆ. ನಾಲ್ಕನೇ ದಿನ ಮಧ್ಯಾಹ್ನ ಮೂರೂವರೆಗೆ, ಇನ್ನೊಂದೇ ಸಲ ಇಳಿಯೋಣ ಅಂತ ಹೋಗಿ ಮಂಡಿ ತಿರುಚಿಕೊಂಡಿತು. ಗಾಯವಾದವರನ್ನು ಇಳಿಸುವ ಸ್ಲೆಡ್ಜ್‌ನಲ್ಲಿ ಕೆಳಗೆ ತಂದರು, ಆಸ್ಪತ್ರೆ, ಎಂಆರ್‌ಐ ಎಲ್ಲ ಆಯಿತು. ಊರಿಗೆ ಬಂದು ಕ್ಲೇಮ್ ಹಾಕಿದರೆ ನನ್ನ ಪಾಲಿಸಿಯಲ್ಲಿ ಚಳಿಗಾಲದ ಕ್ರೀಡೆ ಸೇರಿಲ್ಲ ಅಂತ ವಾಪಸ್ ಬಂತು. ಒಂದು ರೂಪಾಯಿಯೂ ಸಿಗಲಿಲ್ಲ. ಪಾಲಿಸಿ ಪುಸ್ತಕದಲ್ಲಿ ಸ್ಕೀ, ಸ್ನೋಬೋರ್ಡ್ ಅನ್ನುವ ಪದಗಳು ಎಲ್ಲಿ ಬರುತ್ತವೆ ಅಂತ ಹುಡುಕಿ, ಸೇರಿದೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹೆಲಿಕಾಪ್ಟರ್ ಬರಬೇಕಾದರೆ ಸಾವಿರಗಟ್ಟಲೆ ಯೂರೋ ಬಿಲ್ ನಿಮ್ಮ ಹೆಸರಿಗೇ ಬರುತ್ತದೆ. ಆಸ್ಟ್ರಿಯಾದ ಆಲ್ಪೈನ್ ಕ್ಲಬ್ (ಬೆಟ್ಟ ಹತ್ತುವವರ ಸಂಘ) ಸದಸ್ಯತ್ವದಲ್ಲಿ ಬೆಟ್ಟದಿಂದ ಇಳಿಸುವ ಖರ್ಚು ಸೇರಿರುತ್ತದೆ, ಹೊರಗಿನವರೂ ಸೇರಬಹುದು. ಬೆಟ್ಟದ ತುರ್ತು ನಂಬರ್ 140, ಫೋನಿನಲ್ಲಿ ಈಗಲೇ ಹಾಕಿಕೊಳ್ಳಿ.

ಇನ್ನೊಂದು. ಬಾಡಿಗೆ ಅಂಗಡಿಯಲ್ಲಿ ತೂಕ ಕೇಳಿದರೆ ನಾಚಿಕೊಂಡು ಕಡಿಮೆ ಹೇಳಬೇಡಿ, ಜಾಸ್ತಿನೂ ಹೇಳಬೇಡಿ. ತೂಕ, ಎತ್ತರ, ವಯಸ್ಸು, ಸ್ಕೀ ಎಷ್ಟು ಬರುತ್ತದೆ ಅನ್ನುವುದನ್ನು ನೋಡಿಯೇ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಬಿಗಿ ಮಾಡುತ್ತಾರೆ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳಬೇಕು. ಬಿಗಿ ಜಾಸ್ತಿ ಇದ್ದರೆ ಕಳಚುವುದಿಲ್ಲ, ಮಂಡಿ ತಿರುಗುತ್ತದೆ. ಬೂಟಿನೊಳಗೆ ಉದ್ದನೆಯ ಸಾಕ್ಸ್ ಒಂದೇ ಜೊತೆ, ಚಳಿ ಅಂತ ಎರಡು ಹಾಕಿದರೆ ರಕ್ತ ಓಡದೆ ಇನ್ನೂ ಚಳಿಯಾಗುತ್ತದೆ. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು, ಆಗ ಅಳತೆ ಸರಿ. ನೋವಾದರೆ ಅವತ್ತೇ ಹೋಗಿ ಬದಲಾಯಿಸಿ, ಸಹಿಸಿಕೊಂಡು ಇರಬೇಡಿ.

ಇಸಾರ್_ದಂಡೆ

ಹಾಸನದವರು ಹೇಳಿದ್ದು ನೂರಕ್ಕೆ ನೂರು ನಿಜ. ಮೂರು ಗಂಟೆ ಮೇಲೆ ಕಾಲು ಮಾತು ಕೇಳಲ್ಲ, ಹಿಮವೂ ಅಗೆದು ಗುಡ್ಡೆ ಗುಡ್ಡೆ ಆಗಿರುತ್ತದೆ. ಶ್ಮಿಟನ್‌ಹೋಯೆಯಿಂದ ಊರಿಗೆ ಇಳಿಯುವ ದಾರಿಗಳಲ್ಲಿ ಕಪ್ಪು ಬಣ್ಣದವೂ ಇವೆ, ಹೊಸಬರಿಗೆ ಅಲ್ಲ. ಸಂಜೆ ಗೊಂಡೋಲಾದಲ್ಲೇ ಕೆಳಗೆ ಬನ್ನಿ, ಅದರಲ್ಲಿ ಯಾವ ಅವಮಾನವೂ ಇಲ್ಲ. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ, ಹಸಿರು ಅಲ್ಲಿ ಇಲ್ಲ.

ಮಗಳ ಬಗ್ಗೆ ಚಿಂತೆ ಬೇಡ, ನಿಮ್ಮಿಬ್ಬರಿಗಿಂತ ಬೇಗ ಕಲಿಯುತ್ತಾಳೆ. ಸ್ಕೀ ತುದಿ ಕೂಡಿಸಿ ಹಿಂದೆ ಅಗಲಿಸಿದರೆ ಪಿಜ್ಜಾ, ಅಂದರೆ ನಿಲ್ಲು. ನೇರ ಇಟ್ಟರೆ ಪೊಮ್ಮೆಸ್, ಫ್ರೆಂಚ್ ಫ್ರೈಸ್, ಅಂದರೆ ಹೋಗು. ಭಾಷೆ ಬಾರದ ಮಕ್ಕಳಿಗೂ ಈ ಎರಡು ಪದ ಸಾಕು. 15 ವರ್ಷದ ಒಳಗಿನವರಿಗೆ ಹೆಲ್ಮೆಟ್ ಅಲ್ಲಿ ಕಡ್ಡಾಯ. ಜೀನ್ಸ್, ಕಾಟನ್ ಬನಿಯನ್ ಹಾಕಬೇಡಿ, ಒದ್ದೆಯಾದರೆ ಒಣಗುವುದಿಲ್ಲ. ಥರ್ಮಲ್, ಫ್ಲೀಸ್ ಬೆಂಗಳೂರಿನ ಡೆಕಾಥ್ಲಾನ್‌ನಲ್ಲೇ ತೆಗೆದುಕೊಂಡು ಬನ್ನಿ, ಸ್ಕೀ ಪ್ಯಾಂಟು ಜಾಕೆಟ್ಟು ತಂಗಿಯ ಗೆಳೆಯರ ಹತ್ತಿರ ಸಾಲ ಸಿಗುತ್ತದೆ, ಇಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಸನ್‌ಸ್ಕ್ರೀನ್ ಮರೆಯಬೇಡಿ, ಹಿಮದ ಬಿಸಿಲು ಮೂಗಿನ ಕೆಳಗೂ ಸುಡುತ್ತದೆ.

ಫೆಬ್ರವರಿಯಲ್ಲಿ ಯಾವ ವಾರ ಅಂತ ನೀವು ಬರೆದಿಲ್ಲ. ಬವೇರಿಯಾ ಶಾಲೆಗಳ ಫಾಶಿಂಗ್ ರಜೆಯ ವಾರ ಇದ್ದರೆ ತಪ್ಪಿಸಿ, ಆಸ್ಟ್ರಿಯಾದಲ್ಲೂ ಆ ತಿಂಗಳೇ ಒಂದೊಂದು ರಾಜ್ಯಕ್ಕೆ ಒಂದೊಂದು ವಾರ ರಜೆ, ಲಿಫ್ಟ್ ಸಾಲು ನೋಡಿದರೆ ಜಾತ್ರೆ. ಆಗುವುದಾದರೆ ಮಾರ್ಚ್ ಮೊದಲ ಭಾಗಕ್ಕೆ ಹಾಕಿ. ರೈಲಿನಲ್ಲೇ ಹೋಗಿ, ಸಾಲ್ಜ್‌ಬರ್ಗ್‌ನಲ್ಲಿ ಬದಲಾಯಿಸಿದರೆ ಅಲ್ಲಿಂದ ಸುಮಾರು ಒಂದೂವರೆ ಗಂಟೆ, ಸ್ಟೇಷನ್ ಸರೋವರದ ಪಕ್ಕದಲ್ಲೇ ಇದೆ. ತಂಗಿಯ ಹತ್ತಿರ ಜರ್ಮನಿಯ ತಿಂಗಳ ಪಾಸ್ (ಡಾಯಿಚ್‌ಲಾಂಡ್ ಟಿಕೆಟ್) ಇದ್ದರೆ ಅದು ಸಾಲ್ಜ್‌ಬರ್ಗ್ ಸ್ಟೇಷನ್ ತನಕ ಮಾತ್ರ ನಡೆಯುತ್ತದೆ, ಆಮೇಲಿನದಕ್ಕೆ ಬೇರೆ ತೆಗೆದುಕೊಳ್ಳಬೇಕು.

ಜಯನಗರ_ಸುಮಾ

ವಿಮೆ ಈಗ ತಾನೇ ತೆಗೆದು ನೋಡಿದೆ, ನಮ್ಮದರಲ್ಲೂ ಸ್ಕೀ ಇಲ್ಲ. ನಾಳೆ ಬೆಳಿಗ್ಗೆಯೇ ಏಜೆಂಟ್‌ಗೆ ಫೋನ್ ಮಾಡುತ್ತೇನೆ. ಹಾಸನದ ಸರ್, ನಿಮ್ಮ ಮಂಡಿ ಈಗ ಹೇಗಿದೆ? ವಾರ ಇನ್ನೂ ಗಟ್ಟಿ ಮಾಡಿಲ್ಲ, ಮಗಳ ಪರೀಕ್ಷೆ ನೋಡಿಕೊಂಡು ಮಾರ್ಚ್ ಆಗುತ್ತದಾ ಅಂತ ಕೇಳುತ್ತೇನೆ. ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಚರ್ಚಿನ ಹತ್ತಿರ ಕುರ್ಚಿ ಅಂದ ಕೂಡಲೇ ಮುಖ ಅರಳಿತು, ಅಲ್ಲಿ ಕೂರೋಕೆ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗಬಹುದಾ ಅಂತ ಕೇಳುತ್ತಿದ್ದಾರೆ.

ಸಾಲ್ಜ್‌ಬರ್ಗ್_ರಾಗಿಮುದ್ದೆ

ಹೋಟೆಲಿನವರ ಕುರ್ಚಿಯಲ್ಲಿ ಕೂತರೆ ಅವರ ಹತ್ತಿರವೇ ಏನಾದರೂ ತೆಗೆದುಕೊಳ್ಳಬೇಕು. ಹೊರಗೆ ಬೆಂಚಿನ ಮೇಲೆ ಕೂತು ಫ್ಲಾಸ್ಕ್ ಬಿಚ್ಚಿದರೆ ಯಾರೂ ಏನೂ ಅನ್ನಲ್ಲ ಅಕ್ಕಾ. ನಾವು ಯಾವಾಗಲೂ ಹಾಗೇ ಮಾಡುವುದು. ಕಾಫಿ ಪುಡಿ ಊರಿನಿಂದಲೇ ತನ್ನಿ.

ಹಾಸನ_ಹೈಕರ್

ಮಂಡಿ ಚೆನ್ನಾಗಿದೆ ಮೇಡಂ, ಆಪರೇಷನ್ ಆಗಿ ಒಂದೂವರೆ ವರ್ಷ. ಬರುವ ಜನವರಿಗೆ ಮತ್ತೆ ಹೋಗುತ್ತಿದ್ದೇನೆ, ಈ ಸಲ ಮೊದಲ ದಿನ ಮ್ಯಾಜಿಕ್ ಕಾರ್ಪೆಟ್‌ನಿಂದಲೇ ಶುರು.