ಹತ್ತನೇ ವಚನಕ್ಕೆ ನಿಲ್ಲಿಸಬೇಡ ಮಾರಾಯ

ಪುಟ್ಟಾ, ಗ್ರೂಪಿನಲ್ಲಿ ಇರುವ ಎಲ್ಲರಿಗೂ ವಂದನೆ. ಅಜ್ಜಿ ತೀರಿಹೋಗಿ ವರ್ಷವಾಗುವ ಪ್ರಾರ್ಥನೆಯ ದಿನ ಹಂಚಲಿಕ್ಕೆ ಚಿಕ್ಕ ಪುಸ್ತಕ ಮಾಡಿಸುತ್ತಿದ್ದೀಯಲ್ಲ, ಅದಕ್ಕೆ ಬರೆದದ್ದನ್ನು ಇಲ್ಲಿ ಹಾಕಿ "ಮಾಮಿ, ಒಮ್ಮೆ ನೋಡಿ ಹೇಳಿ" ಅಂದಿದ್ದೀ. ನೋಡಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ರಾತ್ರಿಯಾಗುತ್ತದೆ, ಅದಕ್ಕೆ ಮಾತಲ್ಲೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಬಹರೈನಿನಲ್ಲಿ ನಿನ್ನ ಡ್ಯೂಟಿ ಮುಗಿದ ಮೇಲೆ ನಿಧಾನ ಕೇಳು.

ಬರಹದಲ್ಲಿ ತಪ್ಪೇನೂ ಇಲ್ಲ. ದೈವಭಕ್ತೆ, ಮಮತಾಮಯಿ ತಾಯಿ, ಚರ್ಚಿನ ಸಭೆಗಾಗಿ ಜೀವ ತೇಯ್ದವರು. ಎಲ್ಲ ಸರಿಯೇ. ಆದರೆ ಮೇಲಿನ ಹೆಸರು ತೆಗೆದರೆ ನಮ್ಮ ಸಭೆಯ ಯಾವ ಅಜ್ಜಿಗಾದರೂ ಅದು ನಡೆಯುತ್ತದೆ, ಅಲ್ವಾ? ಶುರುವಿಗೆ ಬೈಬಲಿನ ಜ್ಞಾನೋಕ್ತಿ 31ರ ಹತ್ತನೇ ವಚನ ಹಾಕಿದ್ದೀ, ಗುಣವಂತ ಹೆಂಡತಿ ಹವಳಕ್ಕಿಂತ ಬೆಲೆಯವಳು ಅಂತ. ಎಲ್ಲರೂ ಅದನ್ನೇ ಹಾಕುತ್ತಾರೆ, ಅಲ್ಲಿಗೇ ಬೈಬಲ್ ಮುಚ್ಚುತ್ತಾರೆ. ಕೆಳಗೆ ಓದಿ ನೋಡು. ಆ ಹೆಂಗಸು ಉಣ್ಣೆ, ನಾರು ಹುಡುಕಿ ತಂದು ಕೈಯಾರೆ ದುಡಿಯುತ್ತಾಳೆ. ಹೊಲ ನೋಡಿ ಕೊಂಡುಕೊಳ್ಳುತ್ತಾಳೆ. ರಾತ್ರಿಯೂ ಅವಳ ದೀಪ ಆರುವುದಿಲ್ಲ. ಬಟ್ಟೆ ಮಾಡಿ ವ್ಯಾಪಾರಿಗೆ ಮಾರುತ್ತಾಳೆ. ಇದೆಲ್ಲ ಓದುವಾಗ ನನಗೆ ಕಾಣುವುದು ಬೀಡಿ ಕಟ್ಟಲಿಕ್ಕೆ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕೂತ ನನ್ನ ಅಮ್ಮ, ನಿನ್ನ ಅಜ್ಜಿ. ನಿನ್ನ ಬರಹದಲ್ಲಿ ಬೀಡಿಯ ಸುದ್ದಿಯೇ ಇಲ್ಲ! ನಿನ್ನ ಅಪ್ಪ ಹೇಳಲಿಲ್ಲವೋ, ಸಭೆಯವರ ಕೈಗೆ ಹೋಗುವ ಪುಸ್ತಕದಲ್ಲಿ ಬೀಡಿ ಯಾಕೆ ಅಂದನೋ.

ನೀವು ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನ ಕ್ರೈಸ್ತ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಊರಿನಲ್ಲಿ ಹಳೆಯ ಕಸುಬು ತಪ್ಪಿಹೋಗುತ್ತಿತ್ತು. ಅವರಿಗೊಂದು ಅನ್ನದ ದಾರಿ ಅಂತ ನೇಯ್ಗೆ ಶುರು ಮಾಡಿದರು, ಛಾಪಖಾನೆ ಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ. ಮೊದಲ ಮಹಾಯುದ್ಧ ಬಂದಾಗ ಮಿಶನಿನವರ ಕೈಯಿಂದ ಕಾರ್ಖಾನೆ ಹೋಯಿತು, ಆದರೆ ಮಣ್ಣು ತುಳಿದದ್ದು, ಗೂಡಿಗೆ ಬೆಂಕಿ ಹಾಕಿದ್ದು ನಮ್ಮವರೇ. ಅಮ್ಮನ ಅಜ್ಜ, ಅಮ್ಮನ ಅಪ್ಪ, ಆಮೇಲೆ ನಮ್ಮ ಅಪ್ಪ, ಎಲ್ಲರೂ ಹಂಚಿನವರು. ಊರಿನಲ್ಲಿ ಟೆರೇಸ್ ಮನೆ ಏಳಲಿಕ್ಕೆ ಶುರುವಾಯಿತು ನೋಡು, ಹಂಚು ಕೇಳುವವರು ಕಡಿಮೆಯಾದರು. ಅಪ್ಪನಿಗೆ ಕೆಲವು ವಾರ ಅರ್ಧ ಕೆಲಸ, ಕೆಲವು ವಾರ ಅದೂ ಇಲ್ಲ. ಆಗ ಅಮ್ಮ ಬೀಡಿಗೆ ಕೂತದ್ದು.

ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಎಲೆಯನ್ನೂ ಹೊಗೆಸೊಪ್ಪಿನ ಹುಡಿಯನ್ನೂ ತೂಕ ಮಾಡಿ ಕೊಡುತ್ತಿದ್ದರು. ರಾತ್ರಿ ಎಲೆ ನೆನೆಸಿ ಗೋಣಿಯಲ್ಲಿ ಸುತ್ತಿಡುವುದು, ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಸುವುದು. ಎಡಗೈಯಲ್ಲಿ ಎಲೆ, ಚಿಟಿಕೆ ಹುಡಿ, ಹೆಬ್ಬೆರಳಲ್ಲಿ ಒಂದು ಸುರುಳಿ, ನೂಲು ಎರಡು ಸುತ್ತು, ಆಯಿತು. ತುದಿ ಮಡಚುವುದು, ಇಪ್ಪತ್ತೈದರ ಕಟ್ಟು ಮಾಡುವುದು ಮಕ್ಕಳ ಪಾಲಿಗೆ. ಸಾವಿರ ಬೀಡಿ ಆಗದೆ ಅಮ್ಮ ಏಳುತ್ತಿರಲಿಲ್ಲ. ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ನೋಡಿ "ಇದು ಸಡಿಲ, ಇದು ಗಿಡ್ಡ" ಅಂತ ಬದಿಗೆ ಹಾಕಿದರೆ ಆ ದಿನ ನಮಗೆಲ್ಲ ಬೈಗಳು. ಹುಡಿಯ ವಾಸನೆ ಸೀರೆಗೆ ಹತ್ತುತ್ತದೆ ಅಂತ ಭಾನುವಾರದ ಸೀರೆ ಬೇರೆ ಟ್ರಂಕಿನಲ್ಲಿ. ಶನಿವಾರ ಸಂಜೆ ಲಿಂಬೆಹಣ್ಣಿನ ಸಿಪ್ಪೆಯಲ್ಲಿ ಬೆರಳು ತಿಕ್ಕುತ್ತಿದ್ದರು. ಆದರೂ ಚರ್ಚಿನಲ್ಲಿ ಕರ್ತರ ಭೋಜನದ ರೊಟ್ಟಿಗೆ ಕೈ ಒಡ್ಡುವಾಗ ಪಕ್ಕದಲ್ಲಿ ನಿಂತವರಿಗೆ ಸ್ವಲ್ಪ ಹೊಗೆಸೊಪ್ಪಿನ ವಾಸನೆ ಬಂದೇ ಬರುತ್ತಿತ್ತು.

ಗೀತಗಳನ್ನು ನಾವು ಕಲಿತದ್ದೂ ಆ ತಡ್ಪೆಯ ಸುತ್ತ ಕೂತೇ. ಅಮ್ಮ ಕ್ವಾಯರ್‌ನಲ್ಲಿ ಆಲ್ಟೊ, ಅಂದರೆ ಮುಖ್ಯ ರಾಗದ ಜೊತೆಗೆ ಕೆಳಗಿನ ಸ್ವರದಲ್ಲಿ ಹಾಡುವ ಹೆಂಗಸರ ಧ್ವನಿ. ನಮ್ಮ ಹಳೆಯ ಗೀತಗಳ ರಾಗ ಜಾಸ್ತಿ ಜರ್ಮನಿಯ ಕಡೆಯದ್ದು, ಮಿಶನರಿಗಳು ಕನ್ನಡದ ಮಾತು ಕೂಡಿಸಿದ್ದು, ನಾಲ್ಕು ಬೇರೆ ಬೇರೆ ಧ್ವನಿ ಕೂಡಿಸಿ ಹಾಡುವಂಥದ್ದು. ಬೀಡಿ ಕಟ್ಟುವಾಗಲೂ ಅಮ್ಮ ಆಲ್ಟೊ ಮಾತ್ರ ಹಾಡುತ್ತಿದ್ದರು. ನಾವು ಅದೇ ಗೀತದ ಮುಖ್ಯ ರಾಗ ಅಂತ ತಿಳಿದು ಬೆಳೆದೆವು. ಸಂಡೇ ಸ್ಕೂಲಿನಲ್ಲಿ ಒಮ್ಮೆ ನಿನ್ನ ಅಪ್ಪನನ್ನು ಹಾಡಲು ನಿಲ್ಲಿಸಿದರೆ, ಗಟ್ಟಿಯಾಗಿ ಪೂರ್ತಿ ಆಲ್ಟೊ ಹಾಡಿಬಿಟ್ಟ. ಟೀಚರು "ಬೇರೆ ಗೀತ ಯಾಕೆ ಹಾಡುತ್ತೀಯೋ" ಅಂದರು. ಇದನ್ನು ಬರೆ, ಅವನು ಬೇಡ ಅಂದರೂ ಬರೆ.

ಬೀಡಿಯ ಬಗ್ಗೆ ಸಭೆಯಲ್ಲಿ ಮಾತು ಬಂದದ್ದೂ ಉಂಟು. ನಮ್ಮ ಮನೆಯಲ್ಲಿ ಪ್ರಾರ್ಥನೆ ಕೂಟ ಇದ್ದ ದಿನ ಹಿರಿಯರೊಬ್ಬರು, ಈಗ ಅವರೂ ಇಲ್ಲ, ಹೆಸರು ಬೇಡ, "ವಿಶ್ವಾಸಿಗಳು ಇಂಥ ಕೆಲಸ ಮಾಡಬಾರದು, ಇದರಿಂದ ಪರರ ದೇಹ ಕೆಡುತ್ತದೆ" ಅಂದರು. ಅಮ್ಮ ಚಹಾ ಕೊಡುತ್ತಾ ಹೇಳಿದರು, "ನೀವು ಹೇಳಿದ್ದು ನಿಜ. ಸೇದುವವರಿಗಾಗಿ ನಾನು ಪ್ರಾರ್ಥನೆ ಮಾಡುತ್ತೇನೆ, ನೀವು ನಮ್ಮ ಮಕ್ಕಳ ಫೀಸಿಗಾಗಿ ಮಾಡಿ." ಅವರು ಚಹಾ ಕುಡಿದು ಹೋದರು. ಅಮ್ಮ ಎದುರು ಮಾತಾಡಿದ್ದು ಜಾಣತನಕ್ಕೆ ಅಂತ ತಿಳಿಯಬೇಡ. ಆ ಹಿರಿಯರ ಮಾತು ಅಮ್ಮನಿಗೆ ಚುಚ್ಚಿತ್ತು, ಅದು ನಿಜ ಅಂತ ಗೊತ್ತಿದ್ದುದಕ್ಕೇ ಚುಚ್ಚಿತ್ತು. ನಿನ್ನ ಅಪ್ಪನಿಗೆ ಕೆಲಸ ಸಿಕ್ಕಿದ ತಿಂಗಳೇ ತಡ್ಪೆ ಅಟ್ಟಕ್ಕೆ ಹೋಯಿತು. ಒಂದು ದಿನ ಜಾಸ್ತಿ ಕೂರಲಿಲ್ಲ. ಹುಡಿಯ ಕೆಮ್ಮು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ 1976ರಲ್ಲಿ ಕಾನೂನು ಬಂತು, ಅದರಲ್ಲಿ ಮಕ್ಕಳಿಗೆ ಸ್ಕಾಲರ್‌ಶಿಪ್ ಇತ್ತು. ಎಷ್ಟೋ ಜನರಿಗೆ ಅದು ಗೊತ್ತೇ ಇರಲಿಲ್ಲ. ಅಮ್ಮ ತಿಳಿದುಕೊಂಡು ಬಂದು ನಮಗೆ ಮಾತ್ರ ಅಲ್ಲ, ಓಣಿಯ ಎಲ್ಲ ಮನೆಯ ಅರ್ಜಿ ತುಂಬಿಸಿದರು. ನನ್ನ ಟೀಚರ್ ಟ್ರೈನಿಂಗ್ ಆದದ್ದು ಆ ದುಡ್ಡು, ಬೀಡಿಯ ದುಡ್ಡು ಸೇರಿಸಿ. ಮತ್ತೆ ನೀನು ರಜೆಗೆ ಬಂದು ಮಲಗುವ ಮನೆ ಉಂಟಲ್ಲ, ಅದರ ಆರು ಸೆಂಟ್ಸ್ ಜಾಗ ಅಮ್ಮ ಚೀಟಿ ಹಾಕಿ, ಚೀಟಿ ಎತ್ತಿ ತೆಗೆದದ್ದು. ಹೊಲ ಕೊಂಡುಕೊಳ್ಳುವ ವಚನ ಹದಿನಾರನೆಯದ್ದು, ಅದನ್ನು ಈ ಜಾಗದ ವಿಷಯದ ಪಕ್ಕದಲ್ಲಿ ಹಾಕಿದರೆ ಚೆನ್ನಾಗಿರುತ್ತದೆ.

ಸ್ತ್ರೀ ಸಂಘದ ಬಗ್ಗೆ "ಹಲವು ವರ್ಷ ಖಜಾಂಚಿಯಾಗಿ ಸೇವೆ" ಅಂತ ಒಂದೇ ಸಾಲು ಬರೆದಿದ್ದೀ. ಹಿಡಿ ಅಕ್ಕಿಯ ಡಬ್ಬಿ ನಿನಗೆ ನೆನಪಿಲ್ಲವಾ? ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ಆ ಡಬ್ಬಿಗೆ. ತಿಂಗಳ ಮೊದಲ ಭಾನುವಾರ ಎಲ್ಲ ಮನೆಯ ಹಿಡಿ ಅಕ್ಕಿ ಸಭೆಯಲ್ಲಿ ಒಟ್ಟಾಗುತ್ತಿತ್ತು, ಅದನ್ನು ಮಾರಿ ಬಂದ ದುಡ್ಡು ಬಡವರಿಗೆ. ಮಿಜೋರಾಮಿನ ಸಭೆಗಳಲ್ಲಿ ಇದು 1910ರಿಂದ ನಡೆದು ಬಂದಿದೆ, ಅಲ್ಲಿ ಇದರಿಂದಲೇ ಎಷ್ಟೋ ಸೇವೆ ನಡೆಯುತ್ತದೆ. ಮನೆಯಲ್ಲಿ ಅಕ್ಕಿ ಕಡಿಮೆ ಇದ್ದಾಗ ನಾವು ಉಪಾಯ ಮಾಡಿದೆವು, "ಇವತ್ತು ತಮ್ಮ ಹಿಡಿ ಹಾಕಲಿ" ಅಂತ. ನಿನ್ನ ಅಪ್ಪನ ಕೈ ಆಗ ಇಷ್ಟೇ ಇಷ್ಟು! ಅಮ್ಮ ಒಪ್ಪಲೇ ಇಲ್ಲ. "ಊಟ ಬಡಿಸುವ ಕೈಯೇ ಹಿಡಿ ಹಾಕಬೇಕು" ಅಂದರು.

ಅದೇ ಡಬ್ಬಿಯನ್ನು ಒಂದು ಮಳೆಗಾಲದ ಆಟಿ ತಿಂಗಳಲ್ಲಿ ಅಮ್ಮ ಪೂರ್ತಿ ಮಗುಚಿದ್ದೂ ಉಂಟು. ಜೊತೆಯಲ್ಲಿ ಬೀಡಿ ಕಟ್ಟುತ್ತಿದ್ದ ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹೆಂಗಸಿನ ಗಂಡ ಆಸ್ಪತ್ರೆಯಲ್ಲಿ, ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಹೊರಗೆ ಮಳೆ ಹೊಡೆಯುತ್ತಿತ್ತು. ಅಮ್ಮ ಡಬ್ಬಿಯ ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಕೊಟ್ಟು ಬಂದರು. ಭಾನುವಾರ ಸಭೆಯ ಪಾದ್ರಿ ಅಯ್ಯನವರ ಹತ್ತಿರ ಹೋಗಿ, "ಈ ತಿಂಗಳು ನಮ್ಮ ಮನೆಯ ಅಕ್ಕಿ ಇಲ್ಲಿಯವರೆಗೆ ಬರಲಿಲ್ಲ, ದಾರಿಯಲ್ಲೇ ಮುಟ್ಟಬೇಕಾದಲ್ಲಿ ಮುಟ್ಟಿತು, ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ" ಅಂದರು. ಬರೆದರು ಕೂಡ. ಆ ಲೆಕ್ಕದ ಪುಸ್ತಕ ನನ್ನ ಹತ್ತಿರ ಉಂಟು, ಪುಟದ ಫೋಟೊ ತೆಗೆದು ಆಮೇಲೆ ಹಾಕುತ್ತೇನೆ. ಹೋದ ವರ್ಷ ಅಮ್ಮನನ್ನು ಮಣ್ಣು ಮಾಡಿದ ದಿನ ನಮ್ಮ ಅಂಗಳದಲ್ಲಿ ಕುರ್ಚಿ ಹಾಕಿದ್ದು, ಬಂದವರಿಗೆ ಚಹಾ ಮಾಡಿದ್ದು ಯಾರು? ಆ ಮನೆಯ ಹುಡುಗರೇ.

ಚರ್ಚಿನ ಬೆಳೆ ಹಬ್ಬದ ಏಲಂ, ಅಂದರೆ ಹರಾಜು, ಬಿಟ್ಟರೆ ಅಮ್ಮನ ವಿಷಯ ಪೂರ್ತಿಯಾಗುವುದಿಲ್ಲ. ಆರಾಧನೆ ಮುಗಿದು ಹಲಸು, ಬಾಳೆಗೊನೆ, ಕೋಳಿ, ಕೇಕು ಎಲ್ಲ ಏಲಂಗೆ ಬಂದಾಗ ಗಂಡಸರು ಸುಮ್ನೆ ಎರಡು ರೂಪಾಯಿ, ಮೂರು ರೂಪಾಯಿ ಅಂತ ಏರಿಸುತ್ತಿದ್ದರು. ಅಮ್ಮ ಹಿಂದಿನಿಂದ ಒಮ್ಮೆಲೇ ಇಪ್ಪತ್ತೈದು ಅನ್ನುವುದು. ಎಲ್ಲರೂ ತಿರುಗಿ ನೋಡುವುದು. ಮರ್ಯಾದೆಗೆ ಯಾರಾದರೂ ಮೂವತ್ತು ಅನ್ನಲೇಬೇಕು. ಅಮ್ಮನ ಕೈಯಲ್ಲಿ ಅಷ್ಟು ದುಡ್ಡು ಇರುತ್ತಿರಲಿಲ್ಲ ಅಂತ ನನಗೆ ಗೊತ್ತು, ನನಗೆ ಕೂತಲ್ಲೇ ಬೆವರು. ಅಕಸ್ಮಾತ್ ಅವರಿಗೇ ಬಿದ್ದರೆ "ಸಭೆಗೇ ವಾಪಸ್, ಇನ್ನೊಮ್ಮೆ ಏಲಂ ಮಾಡಿ" ಅನ್ನುತ್ತಿದ್ದರು. ತಾವು ಕೂಗಿದ ದುಡ್ಡನ್ನು ತಿಂಗಳುಗಟ್ಟಲೆ ಕಂತಿನಲ್ಲಿ ತೀರಿಸುತ್ತಿದ್ದರು.

ಸಿಟ್ಟು ಜಾಸ್ತಿ ಇತ್ತು, ಅದನ್ನೂ ಬಚ್ಚಿಡಬೇಡ. ಸಂಜೆಯ ಪ್ರಾರ್ಥನೆಗೆ ತಡ ಮಾಡಿದವರಿಗೆ ಮೀನಿನ ತಲೆ ಮಾತ್ರ. ಪ್ರಾರ್ಥನೆ ಉದ್ದ ಅಂದರೆ ಉದ್ದ, ಊರಿನ ಕಾಯಿಲೆಯವರ ಪಟ್ಟಿ ಮುಗಿಯುವಷ್ಟರಲ್ಲಿ ಬೂತಾಯಿ ಮೀನಿನ ಸಾರು ತಣ್ಣಗಾಗುತ್ತಿತ್ತು. ನನ್ನ ಚಿಕ್ಕಮ್ಮನ ಜೊತೆ ಯಾವುದೋ ಕ್ವಾಯರ್ ವಿಷಯಕ್ಕೆ ಮುನಿಸಿಕೊಂಡು ಒಂದೇ ಬೆಂಚಿನ ಎರಡು ತುದಿಯಲ್ಲಿ ಎಷ್ಟೋ ಕಾಲ ಕೂತವರು.

ಇನ್ನು ಚಿಲ್ಲರೆ ವಿಷಯ. ಹುಟ್ಟಿದ ವರ್ಷ 1947 ಸರಿಯಾಗಿದೆ. ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಶುರುವಾದದ್ದೂ ಅದೇ ವರ್ಷ ಸೆಪ್ಟೆಂಬರ್ 27ಕ್ಕೆ, "ನಾನೂ ಸಿ.ಎಸ್.ಐ.ಯೂ ಒಂದೇ ಪ್ರಾಯದವರು" ಅಂತ ಅಮ್ಮ ಜಂಬ ಕೊಚ್ಚುತ್ತಿದ್ದರು, ಸೇರಿಸು. ಸ್ಟುಡಿಯೋದಲ್ಲಿ ಶಾಲು ಹೊದೆಸಿ ತೆಗೆದ ಫೋಟೊ ಬೇಡ, ಅದರಲ್ಲಿ ಅಮ್ಮನ ಮುಖವೇ ಇಲ್ಲ. ಏಲಂನಲ್ಲಿ ಹಲಸಿನ ಹಣ್ಣು ಹಿಡಿದು ನಗುವ ಫೋಟೊ ಒಂದು ಉಂಟು, ಅಕ್ಕನ ಆಲ್ಬಮಿನಲ್ಲಿ. ಅಕ್ಕಾ, ಕೇಳಿಸಿಕೊಳ್ಳುತ್ತಿದ್ದರೆ ಅದನ್ನು ಸ್ಕ್ಯಾನ್ ಮಾಡಿಸಿ ಇವನಿಗೆ ಕಳಿಸು. ಪ್ರೆಸ್ಸಿಗೆ ಕೊಡುವ ಮೊದಲು ಪ್ರೂಫ್ ನನಗೆ ಕಳಿಸು ಪುಟ್ಟಾ. ನಿನ್ನ ಅಪ್ಪ ಬೀಡಿ ಬೇಡ ಅಂತ ಹಠ ಮಾಡಿದರೆ ನೀನು ವಾದ ಮಾಡಬೇಡ, ನನಗೆ ಫೋನ್ ಮಾಡಲು ಹೇಳು.