ಟಕ್ ಅಂದ ಮೇಲೆ ಒಂದು ಹನಿಯೂ ಬೇಡ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಪೆಟ್ರೋಲ್ ಹಾಕಿಸಿದ ಕೂಡಲೇ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಬೇರೆ ಹೊತ್ತಿನಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಬ್ಯಾಟರಿ ಹೋಯಿತಾ ಅಂತ ಕೇಳಿದ್ದೀಯ. ಚಿಕ್ಕಪ್ಪ ಬ್ಯಾಟರಿ ಬದಲಾಯಿಸು ಅಂದ. ನಿಮ್ಮಣ್ಣ ಕಾರೇ ಬದಲಾಯಿಸು ಅಂದ. ಎರಡೂ ಬೇಡ. ಬ್ಯಾಟರಿ ಸೋತಿದ್ದರೆ ಬೆಳಿಗ್ಗೆ ತಣ್ಣಗಿರುವ ಇಂಜಿನ್ ಅಷ್ಟು ಸಲೀಸಾಗಿ ಏಳುತ್ತಿರಲಿಲ್ಲ. ನಿನಗೆ ಸ್ಟಾರ್ಟರ್ ಚೆನ್ನಾಗಿ ತಿರುಗುತ್ತಿದೆ, ಇಂಜಿನ್ ಹಿಡಿಯುತ್ತಿಲ್ಲ, ಅಲ್ವಾ? ಅದು ಬೇರೆ ಕಥೆ.

ಮೊದಲು ಇದನ್ನು ಕೇಳು. ಬಂಕ್‌ನಲ್ಲಿ ನಾಜಲ್ ಟಕ್ ಅಂತ ತಾನಾಗಿ ನಿಂತ ಮೇಲೆ ಒಂದು ಹನಿಯೂ ಹಾಕಿಸಬೇಡ. ಯಾರು ಏನೇ ಹೇಳಲಿ.

ನಮ್ಮ ಹಳೇ ಬಿಳಿ ಕಾರು ನಿಮಗೆಲ್ಲ ಗೊತ್ತಲ್ಲ. ನಿಮ್ಮಕ್ಕನಿಗೆ ಪರೀಕ್ಷೆ ಇತ್ತು, ರೈಲಿಗೆ ಬಿಡಲು ಹೊರಟಿದ್ದೆ. ದಾರಿಯಲ್ಲಿ ಪೆಟ್ರೋಲ್‌ಗೆ ನಿಲ್ಲಿಸಿದೆ. ನಾಜಲ್ ಟಕ್ ಅಂತು. ಹಾಕುತ್ತಿದ್ದ ಹುಡುಗ ಬಿಡಲಿಲ್ಲ. ರೌಂಡ್ ಮಾಡ್ತೀನಿ ಮೇಡಂ ಅಂತ ಮತ್ತೆ ಒತ್ತಿದ, ಮತ್ತೆ ಟಕ್, ಮತ್ತೆ ಒತ್ತಿದ. ಅಲ್ಲಿ ಯಾವಾಗಲೂ ಹಾಗೇ. ಕೀ ತಿರುಗಿಸಿದರೆ ಗರಗರ ಸದ್ದು ಮಾತ್ರ. ಹಿಂದೆ ಸಾಲಾಗಿ ನಿಂತ ಗಾಡಿಗಳು ಹಾರ್ನ್ ಹೊಡೆಯುತ್ತಿವೆ. ಒಳಗೆಲ್ಲ ಪೆಟ್ರೋಲ್ ವಾಸನೆ. ಹುಡುಗಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಾಳೆ. ಕೊನೆಗೆ ನಾಲ್ಕು ಜನ ಸೇರಿ ಕಾರನ್ನು ಪಕ್ಕಕ್ಕೆ ತಳ್ಳಿದರು. ಯಾರೋ ಪುಣ್ಯಾತ್ಮರು ಅವಳನ್ನು ತಮ್ಮ ಗಾಡಿಯಲ್ಲಿ ಕರೆದುಕೊಂಡು ಹೋಗಿ ಸ್ಟೇಷನ್‌ಗೆ ಬಿಟ್ಟರು. ರೈಲು ಸಿಕ್ಕಿತು. ಆದರೆ ನನ್ನ ಕೈಕಾಲು ನಡುಗುವುದು ನಿಲ್ಲಲು ತುಂಬಾ ಹೊತ್ತು ಬೇಕಾಯಿತು.

ಯಾಕೆ ಹಾಗಾಗುತ್ತದೆ ಅಂದರೆ, ಪೆಟ್ರೋಲ್ ಸುಮ್ನೆ ಇಟ್ಟರೂ ಆವಿ ಆಗುತ್ತಲೇ ಇರುತ್ತದೆ. ಆ ಆವಿ ಹೊರಗಿನ ಗಾಳಿಗೆ ಹೋಗಬಾರದು ಅಂತ ಕಾರಿನಲ್ಲಿ ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ. ಕ್ಯಾನಿಸ್ಟರ್ ಅಂತಾರೆ. ಟ್ಯಾಂಕಿನ ಆವಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಕಾರು ಓಡಿ ಇಂಜಿನ್ ಬಿಸಿಯಾದ ಮೇಲೆ ಪರ್ಜ್ ವಾಲ್ವ್ ಅನ್ನುವ ಸಣ್ಣ ವಾಲ್ವ್ ತೆರೆದು, ಆ ಆವಿಯನ್ನು ಸ್ವಲ್ಪಸ್ವಲ್ಪವೇ ಇಂಜಿನ್‌ಗೆ ಬಿಡುತ್ತದೆ, ಅಲ್ಲಿ ಉರಿದುಹೋಗುತ್ತದೆ. ಇಂಜಿನ್ ನಿಂತಾಗ ಆ ವಾಲ್ವ್ ಮುಚ್ಚಿರಲೇಬೇಕು. ಅದು ತೆರೆದೇ ಸಿಕ್ಕಿಕೊಂಡರೆ, ಟ್ಯಾಂಕ್ ತುಂಬಿಸಿದಾಗ ಎದ್ದ ಆವಿಯೆಲ್ಲ ಇಂಜಿನ್ ಕಡೆಗೆ ನುಗ್ಗುತ್ತದೆ. ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಎಷ್ಟು ತಿರುಗಿಸಿದರೂ ಹಿಡಿಯುವುದಿಲ್ಲ.

ಟ್ಯಾಂಕಿನ ಮೇಲ್ಭಾಗದಲ್ಲಿ ಜಾಗ ಬಿಟ್ಟಿರುವುದಕ್ಕೂ ಕಾರಣ ಇದೆ. 10 ಡಿಗ್ರಿ ಬಿಸಿ ಏರಿದರೆ ಪೆಟ್ರೋಲ್ ಸುಮಾರು ನೂರಕ್ಕೆ ಒಂದು ಪಾಲು ಹಿಗ್ಗುತ್ತದೆ. 40 ಲೀಟರ್ ಇದ್ದರೆ ಅರ್ಧ ಲೀಟರಿನ ಹತ್ತಿರ. ಆ ಜಾಗವನ್ನೂ ತುಂಬಿಸಿದರೆ ಪೆಟ್ರೋಲೇ ಇದ್ದಿಲಿನ ಡಬ್ಬಿಗೆ ಹರಿಯಬಹುದು. ಒದ್ದೆ ಟವೆಲಿನಿಂದ ಮೈ ಒರೆಸಿದ ಹಾಗೆ, ನೆನೆದ ಇದ್ದಿಲು ಆಮೇಲೆ ಏನನ್ನೂ ಹೀರುವುದಿಲ್ಲ. ಉದುರಿದ ಇದ್ದಿಲ ಪುಡಿ ವಾಲ್ವ್‌ಗೆ ಸೇರಿ ಅದನ್ನೂ ಕೆಡಿಸುತ್ತದೆ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ ಪುಟ್ಟೀ, ಟಕ್ ಅಂದ ಮೇಲೆ ಸಾಕು ಅನ್ನು. ಕೈ ಅಡ್ಡ ಹಿಡಿದು ಸಾಕು ಅನ್ನು.

ಆ ಬಿಳಿ ಕಾರನ್ನು ಮೊದಲು ತೋರಿಸಿದ ವರ್ಕ್‌ಶಾಪಿನವರ ವಿಷಯ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಪೆಟ್ರೋಲ್ ಹಾಕಿಸಿದಾಗ ಮಾತ್ರ ಹೀಗಾಗುತ್ತದೆ ಅಂತ ನಾನು ಬಿಡಿಸಿ ಬಿಡಿಸಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲು ಪ್ಲಗ್ ಬದಲಾಯಿಸಿದರು. ಆಮೇಲೆ ಬ್ಯಾಟರಿ. ಆಮೇಲೆ ಫ್ಯೂಯೆಲ್ ಪಂಪ್. ಕಾರು ಓಡಿಸುವವಳು ನಾನು, ಪ್ರಶ್ನೆ ಕೇಳುವವಳು ನಾನು. ಅವರು ಉತ್ತರ ಕೊಡುತ್ತಿದ್ದದ್ದು ಪಕ್ಕದಲ್ಲಿ ನಿಂತ ನಿಮ್ಮ ದೊಡ್ಡಪ್ಪನಿಗೆ. ಅವರಿಗೆ ಬಾನೆಟ್ ತೆರೆಯುವುದೂ ಗೊತ್ತಿಲ್ಲ, ನಿಮಗೆಲ್ಲ ಗೊತ್ತೇ ಇದೆ. ತೆಗೆದ ಹಳೇ ಸಾಮಾನು ಕೊಡಿ ಅಂದರೆ ಅದನ್ನೂ ಕೊಡಲಿಲ್ಲ. ಇಷ್ಟು ವರ್ಷ ಗಾಡಿ ಓಡಿಸಿದ ಹೆಂಗಸು ತನ್ನ ಗಾಡಿಯ ಬಗ್ಗೆ ಹೇಳಿದ್ದನ್ನು ಯಾಕೆ ನಂಬುವುದಿಲ್ಲ? ಕೊನೆಗೆ ಬೇರೆ ಕಡೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ನನ್ನ ಮಾತನ್ನು ಪೂರ್ತಿ ಕೇಳಿದರು. ಒಂದು ಪೈಪ್ ಬಿಚ್ಚಿ ಹೆಬ್ಬೆರಳು ಇಟ್ಟು ನೋಡಿದರು. ಅಷ್ಟೇ. ಪರ್ಜ್ ವಾಲ್ವ್ ಬದಲಾಯಿಸಿದರು, ಮತ್ತೆ ಆ ಕಾಟ ಬರಲಿಲ್ಲ. ನಿನಗೂ ಹಾಗೇ ಮಾಡುತ್ತಾರೆ, ನೋಡು. ಒಬ್ಬಳೇ ಹೋದರೆ ಇನ್ನೂ ಜಾಸ್ತಿ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವೇ ಹೇಳಿಲ್ಲ. ಈಗ ಸ್ಟಾರ್ಟ್ ಮಾಡುವುದು ಹೇಗೆ ಅಂದರೆ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ. ಹ್ಯಾಂಡ್‌ಬ್ರೇಕ್ ಎಳೆದಿರು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡು. ಗಾಳಿ ಜಾಸ್ತಿ ಹೋಗುತ್ತದೆ, ಬಹಳಷ್ಟು ಕಾರುಗಳಲ್ಲಿ ಹಾಗೆ ಒತ್ತಿದಾಗ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಇಂಜಿನ್ ಹಿಡಿದ ತಕ್ಷಣ ಕಾಲು ತೆಗೆ. 10 ಸೆಕೆಂಡಿಗಿಂತ ಜಾಸ್ತಿ ತಿರುಗಿಸಬೇಡ, ಸ್ಟಾರ್ಟರ್ ಸುಟ್ಟುಹೋಗಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡು. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಮಾತ್ರ ಅಲ್ಲಿ ಪ್ರಯತ್ನವೇ ಬೇಡ, ಗಾಡಿಯನ್ನು ದೂರಕ್ಕೆ ತಳ್ಳಿಸು.

ರಿಪೇರಿ ಆಗುವವರೆಗೆ ಅರ್ಧ ಟ್ಯಾಂಕ್ ಮಾತ್ರ ಹಾಕಿಸು. ಅರ್ಧ ಹಾಕಿಸಿದಾಗ ತೊಂದರೆ ಕಮ್ಮಿಯಾದರೆ ಅದನ್ನೂ ಮೆಕ್ಯಾನಿಕ್‌ಗೆ ಹೇಳು. ಪರ್ಜ್ ವಾಲ್ವ್ ನೋಡಿ ಅಂತ ಹೆಸರು ಹಿಡಿದೇ ಕೇಳು. ಇಂಜಿನ್ ಆಗಷ್ಟೇ ಸ್ಟಾರ್ಟ್ ಆಗಿ ಐಡಲ್‌ನಲ್ಲಿರುವಾಗ, ಕ್ಯಾನಿಸ್ಟರ್ ಕಡೆಯ ಪೈಪ್ ಬಿಚ್ಚಿ ವಾಲ್ವ್ ಬಾಯಿಗೆ ಬೆರಳಿಟ್ಟು ನೋಡಲಿ. ಒಂದೇ ಸಮನೆ ಎಳೆಯುತ್ತಿದ್ದರೆ ವಾಲ್ವ್ ತೆರೆದೇ ನಿಂತಿದೆ ಅಂತ. ಕಾರಿಗೆ ಸ್ಕ್ಯಾನರ್ ಹಾಕಿದರೆ ಕೆಲವೊಮ್ಮೆ ಪಿ0496 ಅನ್ನುವ ದೋಷದ ಕೋಡ್ ಬರುತ್ತದೆ. ಬರದಿದ್ದರೂ ವಾಲ್ವ್ ನೋಡಲೇಬೇಕು.

ನಿಮ್ಮಣ್ಣನದು ಡೀಸೆಲ್ ಗಾಡಿ, ಅದರಲ್ಲಿ ಈ ಡಬ್ಬಿ, ವಾಲ್ವ್ ಇರುವುದಿಲ್ಲ, ಅವನು ಇದನ್ನು ಮಾಡಲು ಹೋಗುವುದು ಬೇಡ. ನೀನು ಬಂಕ್ ಬಿಲ್ಲಿನಲ್ಲಿ ಪೆಟ್ರೋಲ್ ಅಂತಲೇ ಇದೆಯಾ, ತಪ್ಪಿ ಡೀಸೆಲ್ ಹಾಕಿಲ್ಲ ತಾನೇ ಅಂತ ಒಮ್ಮೆ ನೋಡಿಕೋ. ಮೆಕ್ಯಾನಿಕ್ ಹತ್ತಿರ ಹೋದಾಗ ಫೋನ್ ಮಾಡು, ಸ್ಪೀಕರ್‌ಗೆ ಹಾಕು, ನಾನೇ ಮಾತಾಡುತ್ತೇನೆ.